ಅಮ್ಮನ ದನಿ ಕೇಳಿಸಿತು, ಅದಕ್ಕೆ ಗುರುಗಳು ಬೆಲೆ ಹೇಳಿದರು

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕಿ, ವಯಸ್ಸು 39. ಅಮ್ಮ ತೀರಿಕೊಂಡು ಒಂದೂಕಾಲು ವರ್ಷವಾಯಿತು. ಪ್ರಜ್ಞೆಯ ಬಗ್ಗೆ ಯೂಟ್ಯೂಬಿನಲ್ಲಿ ಮಾತಾಡುವ ಗುರುಗಳೊಬ್ಬರ ಮೂರು ದಿನದ ಶಿಬಿರಕ್ಕೆ ಹೋಗಿದ್ದೆ. ಜೋರು ಉಸಿರಾಟ ಮಾಡಿಸುವಾಗ ಕೈ ಜೋಮು ಹಿಡಿದು ಬೆರಳು ಸೆಟೆದುಕೊಂಡವು, ಬೆಳಕು ಕಂಡಿತು, ಅಮ್ಮ ಹೆಸರು ಹಿಡಿದು ಕರೆದಂತೆ ಸ್ಪಷ್ಟವಾಗಿ ಕೇಳಿಸಿತು. ಇದು ಕುಂಡಲಿನಿ ಎದ್ದ ಲಕ್ಷಣ, ಮುಂದಿನ ಹಂತದಲ್ಲಿ ಅಮ್ಮನಿಗೆ ಬಿಡುಗಡೆ ಕೊಡಿಸಬಹುದು ಎಂದರು. ಅದಕ್ಕೆ 1,80,000 ರೂಪಾಯಿ. ಮಗಳ ಹೆಸರಿನ ಎಫ್‌ಡಿ ಮುರಿಸಬೇಕು. ಈಗ ಮನೆಯಲ್ಲಿ ದಿನಕ್ಕೆರಡು ಸಲ 40 ನಿಮಿಷ ಅದೇ ಉಸಿರಾಟ ಮಾಡುತ್ತಿದ್ದೇನೆ. ನಿದ್ದೆ 4 ಗಂಟೆಗೆ ಇಳಿದಿದೆ. ತರಗತಿಯಲ್ಲಿ ನಿಂತರೆ ಎಲ್ಲವೂ ಗಾಜಿನ ಆಚೆ ಇದ್ದಂತೆ ಕಾಣುತ್ತದೆ. ಬಿಪಿ ಮಾತ್ರೆ ಇನ್ನು ಬೇಕಿಲ್ಲ ಅಂದಿದ್ದಾರೆ. ನಮ್ಮ ಯಜಮಾನರು ಎಲ್ಲ ಭ್ರಮೆ ಅನ್ನುತ್ತಾರೆ. ಯಾರನ್ನು ನಂಬಲಿ?

ಉತ್ತರ: ನಂಬಿಕೆಯ ಮಾತು ಆಮೇಲೆ. ಆ ಉಸಿರಾಟವನ್ನು ಇವತ್ತೇ ನಿಲ್ಲಿಸಿ. ರಕ್ತದೊತ್ತಡ ಇರುವವರಿಗೆ, ಹೃದ್ರೋಗ ಅಥವಾ ಮೂರ್ಛೆರೋಗ ಇರುವವರಿಗೆ, ಗರ್ಭಿಣಿಯರಿಗೆ ಅದು ಹೇಳಿ ಮಾಡಿಸಿದ್ದಲ್ಲ. ಶಿಬಿರಕ್ಕೆ ಸೇರಿಸಿಕೊಳ್ಳುವ ಮುಂಚೆಯೇ ಅವರು ಇದನ್ನು ಕೇಳಬೇಕಿತ್ತು. ಬಿಪಿ ಮಾತ್ರೆ ಬಿಟ್ಟಿದ್ದರೆ ನಾಳೆಯೇ ವೈದ್ಯರ ಹತ್ತಿರ ಹೋಗಿ. ಕೆಲವು ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಒತ್ತಡ ಮೊದಲಿಗಿಂತ ಮೇಲೇರುತ್ತದೆ.

ಗಾಜಿನ ಆಚೆ ಇದ್ದಂತೆ ಕಾಣುವುದು ನಿದ್ದೆಗೆಟ್ಟವರಿಗೂ ಅತಿಯಾಗಿ ಧ್ಯಾನಕ್ಕೆ ಕೂರುವವರಿಗೂ ಆಗುವಂಥದ್ದು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಧ್ಯಾನದಿಂದ ತೊಂದರೆಗೊಳಗಾದವರನ್ನು ಮಾತಾಡಿಸಿ 59 ಬಗೆಯ ಅನುಭವಗಳನ್ನು ಪಟ್ಟಿ ಮಾಡಿದ್ದಾರೆ. ನಿದ್ದೆಗೇಡು, ಲೋಕವೇ ಸುಳ್ಳೆನಿಸುವುದು ಎರಡೂ ಅದರಲ್ಲಿವೆ. ಸಾಧನೆ ನಿಲ್ಲಿಸಿ, ಹೊತ್ತಿಗೆ ಸರಿಯಾಗಿ ಉಂಡು, ರಾತ್ರಿ ಏಳು ಗಂಟೆ ನಿದ್ದೆ ಮಾಡತೊಡಗಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಎರಡು ವಾರದಲ್ಲಿ ಇಳಿಯದಿದ್ದರೆ ಮನೋವೈದ್ಯರನ್ನು ಕಾಣಿ. ದನಿ ಏನಾದರೂ ಮಾಡು ಎಂದು ಆಜ್ಞೆ ಕೊಡತೊಡಗಿದರೆ, ಎರಡು ರಾತ್ರಿ ನಿದ್ದೆಯಿಲ್ಲದಿದ್ದರೂ ದಣಿವಾಗದಿದ್ದರೆ, ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಶಿಬಿರದಲ್ಲಿ ಆದದ್ದನ್ನು ನೋಡೋಣ. ಕೂತಲ್ಲೇ ಕೂತು ಜೋರಾಗಿ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದುಹೋಗುತ್ತದೆ. ಮಿದುಳಿನ ರಕ್ತನಾಳಗಳು ಸಂಕುಚಿಸುತ್ತವೆ, ತಲೆ ಹಗುರಾಗುತ್ತದೆ, ಕಣ್ಣಮುಂದೆ ಮಿಂಚಾಡುತ್ತದೆ. ರಕ್ತದ ಕ್ಷಾರಗುಣ ಹೆಚ್ಚಿ, ನರಗಳನ್ನು ತಣ್ಣಗಿಡುವ ಮುಕ್ತ ಕ್ಯಾಲ್ಸಿಯಂ ಕಡಿಮೆಯಾದಾಗ ತುಟಿ, ಬೆರಳು ಜೋಮು ಹಿಡಿದು ಸೆಟೆದುಕೊಳ್ಳುತ್ತವೆ. ಗಾಬರಿ ಹೆಚ್ಚಾಗಿ ಏದುಸಿರು ಬಿಡುವ ರೋಗಿಗೂ ಹೀಗೇ ಆಗುತ್ತದೆ. ಭಕ್ತಿ ಇರಲಿ ಬಿಡಲಿ ಯಾರಿಗಾದರೂ ಆಗುವುದನ್ನು ಗುರುವಿನ ಶಕ್ತಿಗೆ ಸಾಕ್ಷಿ ಮಾಡಲಾಗದು.

ಅಮ್ಮನ ದನಿಯ ವಿಷಯಕ್ಕೆ ಬಂದರೆ, ನಿಮಗೆ ಹುಚ್ಚು ಹಿಡಿದಿಲ್ಲ. ವೇಲ್ಸ್‌ನ ವೈದ್ಯ ಡ್ಯೂಯಿ ರೀಸ್ 1971ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಜನರನ್ನು ಮಾತಾಡಿಸಿದ್ದರು. ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಇಂಥ ಅನುಭವವಾಗಿತ್ತು. ಹಲವರಿಗೆ ಹೋದವರು ಹತ್ತಿರದಲ್ಲೇ ಇದ್ದಂತೆ ಅನಿಸಿತ್ತು; ಕೆಲವರಿಗೆ ಕಂಡಿದ್ದರು, ಕೆಲವರಿಗೆ ದನಿ ಕೇಳಿಸಿತ್ತು. ಬಹುಪಾಲು ಜನ ಅದನ್ನು ಯಾರಿಗೂ ಹೇಳಿರಲಿಲ್ಲ. ಆದ್ದರಿಂದ ‘ಭ್ರಮೆ’ ಎಂದು ತಳ್ಳಿಹಾಕುವ ನಿಮ್ಮ ಯಜಮಾನರ ಮಾತೂ ಪೂರ್ತಿ ಸರಿಯಲ್ಲ, ಅದು ನಿಮ್ಮ ದುಃಖಕ್ಕೆ ಬಾಗಿಲು ಹಾಕುತ್ತದೆ. ದನಿ ನಿಮಗೆ ಕೇಳಿಸಿದ್ದು ನಿಜ. ಅಮ್ಮ ಎಲ್ಲೋ ಸಿಕ್ಕಿಬಿದ್ದಿದ್ದಾಳೆ, ಬಿಡಿಸಲು ದುಡ್ಡು ಬೇಕು ಎಂಬುದು ಮಾತ್ರ ಗುರುಗಳು ಆಮೇಲೆ ಹೊಲಿದು ಸೇರಿಸಿದ್ದು. ಹಾಗೆ ಹೇಳಿದ್ದು ಕ್ರೌರ್ಯ.

ಅವರು ವೇದಾಂತದ ಹೆಸರು ಹೇಳುತ್ತಾರಾದರೆ ವೇದಾಂತದ ಅಳತೆಗೋಲನ್ನೇ ಹಿಡಿಯಿರಿ. ಮಾಂಡೂಕ್ಯ ಉಪನಿಷತ್ತು ಹನ್ನೆರಡೇ ಮಂತ್ರ. ಎಚ್ಚರ, ಕನಸು, ಗಾಢನಿದ್ದೆ ಮೂರನ್ನೂ ಹೇಳಿ ನಾಲ್ಕನೆಯದನ್ನು ಏಳನೇ ಮಂತ್ರದಲ್ಲಿ ‘ಅದೃಷ್ಟ’ ಅನ್ನುತ್ತದೆ, ಅಂದರೆ ಕಾಣಿಸದ್ದು. ಕಂಡ ಬೆಳಕು, ಕೇಳಿದ ದನಿ ಎಲ್ಲ ದೃಶ್ಯದ ಸಾಲಿಗೆ ಸೇರುತ್ತವೆ, ಬರುತ್ತವೆ, ಹೋಗುತ್ತವೆ. ಬಂದುಹೋಗುವುದನ್ನು ‘ಮುಂದಿನ ಹಂತ’ ಎಂದು ಮಾರುವವರಿಗೆ ಈ ಮಂತ್ರದಲ್ಲಿ ಆಧಾರ ಸಿಗದು. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಉಪನಿಷತ್ತುಗಳನ್ನು ಶಾಂಕರಭಾಷ್ಯದ ಕನ್ನಡ ಅನುವಾದದೊಂದಿಗೆ ಪ್ರಕಟಿಸಿದೆ. ಗುರುಗಳು ಶ್ಲೋಕ ಹೇಳಿದಾಗ ಸಂಖ್ಯೆ ಕೇಳಿ, ಪುಸ್ತಕ ಬಿಡಿಸಿ ನೋಡಿ. ಮೂಲದಲ್ಲಿಲ್ಲದ ಅರ್ಥ ಎರಡು ಸಲ ಸಿಕ್ಕರೆ ಸಾಕು, ತಿಳಿಯಿತು. ‘ಕ್ವಾಂಟಮ್ ವಿಜ್ಞಾನವೂ ಇದನ್ನೇ ಹೇಳುತ್ತದೆ’ ಎಂದರೆ ಅಲ್ಲೂ ತಡೆಯಿರಿ. ಪ್ರಯೋಗಶಾಲೆಯ ‘ವೀಕ್ಷಣೆ’ ಎಂದರೆ ಉಪಕರಣ ಮಾಡುವ ಅಳತೆ. ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಅದು ದಾಖಲಾಗುತ್ತದೆ.

ಮುಂಡಕ ಉಪನಿಷತ್ತು ಗುರುವಿಗೆ ಎರಡು ಲಕ್ಷಣ ಹೇಳುತ್ತದೆ: ಶ್ರೋತ್ರಿಯ, ಅಂದರೆ ಶಾಸ್ತ್ರವನ್ನು ಕ್ರಮವಾಗಿ ಕಲಿತವನು; ಬ್ರಹ್ಮನಿಷ್ಠ, ಅಂದರೆ ಬ್ರಹ್ಮದಲ್ಲಿ ನೆಲೆನಿಂತವನು. ಎರಡನೆಯದನ್ನು ನಾವು ಹೊರಗಿನಿಂದ ಅಳೆಯಲಾರೆವು, ನಡತೆಯಿಂದ ಊಹಿಸಬಹುದು ಅಷ್ಟೆ. ಮೊದಲನೆಯದನ್ನು ವಿಚಾರಿಸಬಹುದು. ಯಾರ ಹತ್ತಿರ, ಎಷ್ಟು ವರ್ಷ ಕಲಿತರು? ಹೌದು ಎನ್ನಲು ಕಲಿಸಿದ ಕಡೆಯವರು ಯಾರಾದರೂ ಇದ್ದಾರೆಯೇ? ಇವರು ತಪ್ಪಿದರೆ ‘ಇದು ತಪ್ಪು’ ಎಂದು ಹೇಳಬಲ್ಲವರು ಟ್ರಸ್ಟಿನಲ್ಲಿ ಇದ್ದಾರೋ, ಅಥವಾ ಎಲ್ಲರೂ ಅವರ ಮನೆಯವರೋ? ಇದೆಲ್ಲಕ್ಕಿಂತ ಹೆಚ್ಚು ತಿಳಿಸುವುದು ಬಿಟ್ಟುಬಂದವರ ಮಾತು. ಕನಿಷ್ಠ ಮೂವರನ್ನು ಹುಡುಕಿ, ಏಕೆ ಬಿಟ್ಟಿರಿ, ಬಿಟ್ಟ ಮೇಲೆ ಹೇಗೆ ನಡೆಸಿಕೊಂಡರು ಎಂದು ಕೇಳಿ. ಬಿಟ್ಟವರನ್ನೆಲ್ಲ ‘ಅಹಂಕಾರಿಗಳು’ ಎಂದು ಬಯ್ಯುವ ಜಾಗದಲ್ಲಿ ನಾಳೆ ನಿಮ್ಮನ್ನೂ ಹಾಗೇ ಬಯ್ಯುತ್ತಾರೆ. ಯಾವ ಯಾವ ಕಾರಣಕ್ಕೆ ಒಂದು ಮಾತನ್ನು ಒಪ್ಪಬಾರದು ಎಂದು ಬುದ್ಧ ಕಾಲಾಮರೆಂಬ ಜನರಿಗೆ ಹೇಳಿದ ಪಟ್ಟಿಯ ಕೊನೆಯ ಮಾತು, ‘ಈ ಶ್ರಮಣ ನಮ್ಮ ಗುರು’ ಎಂಬ ಕಾರಣಕ್ಕೂ ಒಪ್ಪಬೇಡಿ ಎಂಬುದು. ಆಡಿದವನು ಸ್ವತಃ ಗುರು.

ದುಡ್ಡಿನ ವಿಷಯ ಚಿಕ್ಕದು. ಎಲ್ಲ ಹಂತಗಳ ಒಟ್ಟು ಖರ್ಚು ಮತ್ತು ಮರುಪಾವತಿಯ ನಿಯಮ ಬರಹದಲ್ಲಿ ಕೊಡಲಿ. ಶುಲ್ಕವನ್ನು ‘ದೇಣಿಗೆ’ ಎಂದು ಬರೆದರೆ ಮರಳಿ ಕೇಳುವುದು ಕಷ್ಟ. ಹಾಗೆಂದು ದುಡ್ಡು ಕೇಳದ ಕಡೆ ಎಲ್ಲ ಕ್ಷೇಮ ಎಂದಲ್ಲ. ಗೋಯೆಂಕಾ ಪರಂಪರೆಯ ಹತ್ತು ದಿನದ ವಿಪಶ್ಯನ ಧ್ಯಾನಶಿಬಿರಕ್ಕೆ ಶುಲ್ಕವೇ ಇಲ್ಲ, ಆದರೆ ದಿನಕ್ಕೆ ಸುಮಾರು ಹತ್ತು ಗಂಟೆ ಕೂರಬೇಕು. ಈಗಿನ ನಿಮ್ಮ ಸ್ಥಿತಿಗೆ ಅದೂ ಬೇಡ.

ಪ್ರಜ್ಞೆಯನ್ನು ಅರಿಯುವ ನಿಮ್ಮ ಆಸೆ ದೊಡ್ಡದು, ಅದನ್ನು ಬಿಡಬೇಡಿ. ನಿದ್ದೆ ಸರಿಹೋಗಿ ತಿಂಗಳಾದ ಮೇಲೆ, ವೈದ್ಯರು ಒಪ್ಪಿದರೆ, ಬೆಳಿಗ್ಗೆ 15 ನಿಮಿಷ ಕುರ್ಚಿಯಲ್ಲಿ ಕೂರಿ. ಉಸಿರು ತಾನಾಗಿ ಹೋಗಿಬರಲಿ, ಎಳೆಯಬೇಡಿ. ಆಮೇಲೆ ನೋಟ್‌ಬುಕ್ಕಿನ ಎಡಪುಟದಲ್ಲಿ ಆದದ್ದನ್ನಷ್ಟೇ ಬರೆಯಿರಿ: ‘ಎದೆ ಬಿಸಿಯಾಯಿತು’, ‘ಅಮ್ಮನ ನೆನಪು, ಅಳು’. ಅರ್ಥ ಏನಿರಬಹುದು ಎಂಬುದು ಬಲಪುಟಕ್ಕೆ, ಅದೂ ಮರುದಿನ. ಆದದ್ದಕ್ಕೂ ಅರ್ಥಕ್ಕೂ ನಡುವೆ ಒಂದು ರಾತ್ರಿ ಬಿಟ್ಟರೆ ಎಷ್ಟೋ ಅರ್ಥಗಳು ತಾವೇ ಉದುರುತ್ತವೆ. ಮತ್ತೆ ಲೋಕ ಗಾಜಿನಾಚೆ ಸರಿದರೆ ಅವತ್ತು ಬಿಟ್ಟು, ತಣ್ಣೀರಿನಲ್ಲಿ ಕೈ ತೊಳೆದು, ಅಡುಗೆಮನೆಗೋ ಅಂಗಳಕ್ಕೋ ಹೋಗಿ.

ಒಂದು ಸಂಜೆ ಯಜಮಾನರ ಹತ್ತಿರ ಗುರುಗಳ ಸುದ್ದಿ ಎತ್ತದೆ ಅಮ್ಮನ ಬಗ್ಗೆಯಷ್ಟೇ ಮಾತಾಡಿ. ‘ಸೀಟು ಮುಗಿಯುತ್ತಿದೆ’ ಎಂದು ಶಿಬಿರದವರು ಫೋನ್ ಮಾಡುತ್ತಾರೆ. 60 ದಿನ ಬಿಟ್ಟು ಹೇಳುತ್ತೇನೆ ಎಂದು ಒಂದೇ ಮಾತು ಹೇಳಿ ಇಟ್ಟುಬಿಡಿ. ಎಫ್‌ಡಿ ಬಾಂಡು ಅಷ್ಟು ದಿನ ಯಜಮಾನರ ಬೀರುವಿನಲ್ಲಿರಲಿ.