ಗೊರಕೆಗೆ ಹಲ್ಲಿನ ಡಾಕ್ಟರಾ? ಹೌದು ಅಕ್ಕಾ, ಆದರೆ ಮೊದಲು ನಿದ್ದೆಯ ಟೆಸ್ಟ್

ಅಕ್ಕಾ, ನಿಮ್ಮ ಯಜಮಾನ್ರು ಗೊರಕೆ ಹೊಡೀತಾ ಇದ್ದಕ್ಕಿದ್ದಂತೆ ಉಸಿರು ನಿಲ್ಲಿಸ್ತಾರೆ, ಇದಕ್ಕೆ ಹಲ್ಲಿನ ಡಾಕ್ಟರ್ ಏನು ಮಾಡ್ತಾರೆ ಅಂತ ಕೇಳಿದ್ದೀರಿ. ನಮ್ಮ ಅಪ್ಪನಿಗೂ ಹೀಗೇ ಆಗ್ತಿತ್ತು. ಗೊರಕೆ ತಟ್ಟನೆ ನಿಲ್ಲೋದು, ನಾನು ಕತ್ತಲಲ್ಲಿ ಎದೆ ಮೇಲೆ ಕೈ ಇಟ್ಟು ನೋಡ್ತಿದ್ದೆ, ಆಮೇಲೆ ದೊಡ್ಡದಾಗಿ ಉಸಿರೆಳೆದು ಪಕ್ಕಕ್ಕೆ ಹೊರಳೋರು. ಬೆಳಿಗ್ಗೆ ಅವರಿಗೆ ಏನೂ ನೆನಪಿರ್ತಿರಲಿಲ್ಲ.

ಇದು ಸ್ಲೀಪ್ ಅಪ್ನಿಯಾ ಇರಬಹುದು. ಮಲಗಿದಾಗ ಗಂಟಲಿನ ಸ್ನಾಯು ಸಡಿಲವಾಗಿ, ನಾಲಿಗೆ ಹಿಂದಕ್ಕೆ ಸರಿದು ಉಸಿರಿನ ದಾರಿ ಮುಚ್ಚುತ್ತೆ. ಹಲ್ಲಿನ ಡಾಕ್ಟರು ಬಾಯಿಯ ಅಳತೆ ತೆಗೆದು ಮೇಲಿನ, ಕೆಳಗಿನ ಹಲ್ಲಿಗೆ ಕೂರುವ ಕ್ಲಿಪ್ ಥರದ್ದನ್ನ ಮಾಡಿಕೊಡ್ತಾರೆ. ಅದು ಕೆಳದವಡೆಯನ್ನ ಸ್ವಲ್ಪ ಮುಂದಕ್ಕೆ ಹಿಡಿಯುತ್ತೆ, ಜೊತೆಗೆ ನಾಲಿಗೆಯೂ ಮುಂದೆ ಬಂದು ದಾರಿ ತೆರೆದಿರುತ್ತೆ. ಶುರುವಲ್ಲಿ ದವಡೆ ನೋವು, ಜೊಲ್ಲು ಜಾಸ್ತಿ. ವರ್ಷಗಟ್ಟಲೆ ಹಾಕಿದ್ರೆ ಹಲ್ಲಿನ ಜೋಡಣೆ ಸ್ವಲ್ಪ ಬದಲಾಗಬಹುದು, ಹಾಗಾಗಿ ಆಗಾಗ ತೋರಿಸ್ತಾ ಇರಬೇಕು.

ಆದರೆ ಸುಮ್ನೆ ಆನ್‌ಲೈನ್‌ನಲ್ಲಿ ತರಿಸಿ ಹಾಕಬೇಡಿ. ಮೊದಲು ಶ್ವಾಸಕೋಶದ ಡಾಕ್ಟರ್ ಅಥವಾ ಇಎನ್‌ಟಿ ಹತ್ತಿರ ಹೋಗಿ ನಿದ್ದೆಯ ಟೆಸ್ಟ್ ಮಾಡಿಸಿ. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತೆ, ಕಡಿಮೆಯಾಗುತ್ತೆ ಅಂತ ಎಣಿಸ್ತಾರೆ. 5ರಿಂದ 15 ಅಂದ್ರೆ ಸೌಮ್ಯ, 30ರವರೆಗೆ ಮಧ್ಯಮ, ಈ ಎರಡಕ್ಕೆ ಕ್ಲಿಪ್ ಚೆನ್ನಾಗಿ ಕೆಲಸ ಮಾಡಬಹುದು. 30 ದಾಟಿದ್ರೆ ಸಾಮಾನ್ಯವಾಗಿ ಸಿಪ್ಯಾಪ್, ಅಂದ್ರೆ ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡೋ ಮೆಷಿನ್ನೇ ಮೊದಲು. ನಮ್ಮ ದಾವಣಗೆರೆಯಲ್ಲೇ ಡೆಂಟಲ್ ಕಾಲೇಜುಗಳಿವೆ ಅಲ್ವಾ, ರಿಪೋರ್ಟ್ ಹಿಡಿದುಕೊಂಡು ಅಲ್ಲಿ ವಿಚಾರಿಸಿ.

ಹಗಲಲ್ಲಿ ಬೈಕ್ ಓಡಿಸುವಾಗ ಯಜಮಾನ್ರಿಗೆ ತೂಕಡಿಕೆ ಬರುತ್ತೆ ಅಂದಿದ್ದೀರಲ್ಲ, ನನಗೆ ಅದೇ ಭಯ. ಟೆಸ್ಟ್ ಆಗೋವರೆಗೆ ಹೈವೇಗೆ ಬಿಡಬೇಡಿ ಅಕ್ಕಾ.