ಒಂದು ಯುದ್ಧವನ್ನೂ ಕಾಣದ ‘ಲೈಟ್ನಿಂಗ್’

‘ತಾನಾಗಿ ಓಡುವ ಟಾರ್ಪಿಡೊ (ನೀರೊಳಗೆ ಸಾಗಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ) ಹೊತ್ತ ಬ್ರಿಟಿಷರ ಮೊದಲ ವೇಗದ ದೋಣಿ ಎಚ್‌ಎಂಎಸ್ ಲೈಟ್ನಿಂಗ್ ಎಷ್ಟು ಹಡಗುಗಳನ್ನು ಮುಳುಗಿಸಿತು? ಈಗ ಎಲ್ಲಿದೆ?’ ಎಂದು ಕೇಳಿದ್ದೀರಿ. ಒಂದನ್ನೂ ಮುಳುಗಿಸಲಿಲ್ಲ, ಈಗ ಎಲ್ಲಿಯೂ ಇಲ್ಲ. ಉತ್ತರ ಇಷ್ಟೇ. ಆದರೆ ಹಳೆಯ ಹಡಗುಗಳ ಹುಚ್ಚು ಹಿಡಿದವನನ್ನು ಕೇಳಿದ್ದೀರಿ, ಸ್ವಲ್ಪ ಸಹಿಸಿಕೊಳ್ಳಿ.

ಅದನ್ನು ಕಟ್ಟಿದ್ದು 1876ರಲ್ಲಿ, ಲಂಡನ್ನಿನ ಚಿಸ್ವಿಕ್‌ನಲ್ಲಿ ಥೇಮ್ಸ್ ನದಿಯ ದಡದಲ್ಲಿದ್ದ ಜಾನ್ ಥಾರ್ನಿಕ್ರಾಫ್ಟ್ ಅವರ ಹಡಗುಕಟ್ಟೆಯಲ್ಲಿ. ಥಾರ್ನಿಕ್ರಾಫ್ಟ್ ಅಲ್ಲಿಯವರೆಗೆ ಹೆಸರು ಮಾಡಿದ್ದು ಸಪೂರವಾದ, ವೇಗದ ಉಗಿದೋಣಿಗಳಿಂದ. ಲೈಟ್ನಿಂಗ್ ಕೂಡ ಅದೇ ಜಾತಿಯದು. ಉದ್ದ ಸುಮಾರು 26 ಮೀಟರ್, ಅಗಲ ಮೂರು ಮೀಟರಿಗಿಂತ ಸ್ವಲ್ಪ ಹೆಚ್ಚು. ನಮ್ಮ ಎರಡು ಸಾರಿಗೆ ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಹೆಚ್ಚುಕಡಿಮೆ ಅಷ್ಟೇ ಜಾಗ. ತೂಕ 32 ಟನ್ನಿನ ಆಸುಪಾಸು, ವೇಗ ಹದಿನೆಂಟೂವರೆ ನಾಟ್, ಅಂದರೆ ಗಂಟೆಗೆ ಸುಮಾರು 34 ಕಿಲೋಮೀಟರ್.

ಈ ವೇಗದಲ್ಲೊಂದು ತಮಾಷೆ ಇದೆ. ಎಂಜಿನಿಯರ್ ರಾಬರ್ಟ್ ವೈಟ್‌ಹೆಡ್ ರೂಪಿಸಿದ, ಆ ಕಾಲದ ವೈಟ್‌ಹೆಡ್ ಟಾರ್ಪಿಡೊ ಒಳಗೆ ತುಂಬಿದ ಒತ್ತಡದ ಗಾಳಿಯಿಂದ ಓಡುತ್ತಿತ್ತು. ಅದರ ವೇಗವೂ ಸುಮಾರು 18 ನಾಟ್. ಓಡುತ್ತಿದ್ದುದು ಆರುನೂರು ಗಜ. ಅಂದರೆ ಬಿಲ್ಲುಗಾರನೂ ಬಾಣದಷ್ಟೇ ವೇಗವಾಗಿ ಓಡಬಲ್ಲ! ಆದರೆ ಬಾಣ ಬಿಡುವಾಗ ಮಾತ್ರ ಓಟ ತಗ್ಗಿಸಬೇಕಿತ್ತು. ಮೊದಲಿಗೆ ದೋಣಿಯ ಎರಡು ಪಕ್ಕಗಳಲ್ಲಿ ಒಂದೊಂದು ಚೌಕಟ್ಟು ಇತ್ತು. ಟಾರ್ಪಿಡೊವನ್ನು ಅದಕ್ಕೆ ಸಿಕ್ಕಿಸಿ, ಬಾವಿಗೆ ಕೊಡ ಇಳಿಸಿದಂತೆ ನೀರಿಗಿಳಿಸಿ, ಆಮೇಲೆ ಬಿಡಬೇಕು. ಶತ್ರುವಿನ ಕಣ್ಣೆದುರಿಗೆ, ಆರುನೂರು ಗಜದೊಳಗೆ, ದೋಣಿಯನ್ನು ನಿಧಾನಿಸಿಕೊಂಡು ಈ ಕೆಲಸ ಮಾಡುವವರ ಗುಂಡಿಗೆಯನ್ನು ನೆನೆಸಿಕೊಳ್ಳಿ. 1879ರಲ್ಲಿ ಮೂತಿಯ ಮೇಲೆ ಉಡಾವಣಾ ಕೊಳವೆ ಕೂರಿಸಿದರು. ನಡುಭಾಗದಲ್ಲಿ ಎರಡು ಹೆಚ್ಚುವರಿ ಟಾರ್ಪಿಡೊಗಳಿಗೆ ಜಾಗ ಮಾಡಿದರು. ನನ್ನ ಮಟ್ಟಿಗೆ ಟಾರ್ಪಿಡೊ ದೋಣಿ ನಿಜವಾಗಿ ಹುಟ್ಟಿದ್ದು ಆಗಲೇ.

ಇನ್ನು ಸೇವೆಯ ಮಾತು. ಲೈಟ್ನಿಂಗ್ ಕೆಲಸ ಮಾಡಿದ್ದು ಪೋರ್ಟ್ಸ್‌ಮತ್ ಬಂದರಿನಲ್ಲಿ, ನೌಕಾಪಡೆಯ ಟಾರ್ಪಿಡೊ ಶಾಲೆಯಾದ ‘ವೆರ್ನನ್’ಗೆ ಸೇರಿದ ದೋಣಿಯಾಗಿ. ಆ ಶಾಲೆ ನಡೆಯುತ್ತಿದ್ದುದು ಹಾಯಿಗಳ ಕಾಲದ ಹಳೆಯ ಮರದ ಹಡಗಿನಲ್ಲಿ. ಅಜ್ಜನ ಅಂಗಳದಲ್ಲಿ ಮೊಮ್ಮಗ ಪಟಾಕಿ ಹಚ್ಚಿದಂತೆ. ತರಬೇತಿ, ಪ್ರಯೋಗ, ಮತ್ತೆ ತರಬೇತಿ. ಹೆಸರೂ ಉಳಿಯಲಿಲ್ಲ: ‘ಮಿಂಚು’ ಎಂಬ ಅರ್ಥದ ಹೆಸರು ಹೋಗಿ ‘ಟಾರ್ಪಿಡೊ ಬೋಟ್ ನಂ. 1’ ಎಂಬ ಸಂಖ್ಯೆ ಬಂತು. ವೈಟ್‌ಹೆಡ್ ಟಾರ್ಪಿಡೊದಿಂದ ಹಡಗು ಮುಳುಗಿಸಿದ ಮೊದಲ ಕೀರ್ತಿ ರಷ್ಯನ್ನರ ಪಾಲಾಯಿತು. 1878ರ ಜನವರಿಯಲ್ಲಿ ಕಪ್ಪು ಸಮುದ್ರದ ಬಟೂಮಿ ಬಂದರಿನ ಬಳಿ ಅವರ ಸಣ್ಣ ಉಗಿದೋಣಿಗಳು ತುರ್ಕರ ಹಡಗೊಂದನ್ನು ಮುಳುಗಿಸಿದವು.

ಹಾಗಂತ ಇದು ದಂಡಪಿಂಡವಲ್ಲ. ಇದೇ ಮಾದರಿಯನ್ನು ತಿದ್ದಿ ಇನ್ನೂ ಹನ್ನೊಂದು ದೋಣಿಗಳನ್ನು ಥಾರ್ನಿಕ್ರಾಫ್ಟ್‌ನಿಂದಲೇ ಕಟ್ಟಿಸಿದರು. ಬೇರೆ ದೇಶಗಳೂ ಇಂಥವನ್ನು ಕೊಳ್ಳತೊಡಗಿದಾಗ ದೊಡ್ಡ ಯುದ್ಧನೌಕೆಗಳ ಒಡೆಯನಾದ ಬ್ರಿಟನ್ನಿಗೇ ನಿದ್ದೆಗೆಟ್ಟಿತು. ಈ ದೋಣಿಗಳನ್ನು ಬೆನ್ನಟ್ಟಿ ಹೊಡೆಯಲೆಂದೇ 1893ರಲ್ಲಿ ‘ಹ್ಯಾವಕ್’ ನೀರಿಗಿಳಿಯಿತು. ಆ ಬಗೆಯ ನೌಕೆಗೆ ಇಟ್ಟ ಹೆಸರು ‘ಟಾರ್ಪಿಡೊ ಬೋಟ್ ಡೆಸ್ಟ್ರಾಯರ್’. ಕಾಲಕ್ರಮದಲ್ಲಿ ಮೊದಲೆರಡು ಪದ ಉದುರಿ ಡೆಸ್ಟ್ರಾಯರ್ ಉಳಿಯಿತು. ಆರು ಸಾವಿರ ಟನ್ನಿಗೂ ಮೀರಿದ ನಮ್ಮ ಐಎನ್‌ಎಸ್ ಮೈಸೂರು ನೌಕೆಯನ್ನು ಡೆಸ್ಟ್ರಾಯರ್ ಎನ್ನುವುದರ ಹಿಂದೆ ಇರುವುದು ಎರಡು ಬಸ್ಸಿನ ಉದ್ದದ ಇಂಥ ದೋಣಿಗಳ ಭಯ.

ಲೈಟ್ನಿಂಗ್ 1896ರಲ್ಲಿ ಗುಜರಿಗೆ ಹೋಯಿತು. ಕಣ್ಣಾರೆ ನೋಡಬೇಕೆಂಬ ಆಸೆಯಿದ್ದರೆ ನಾರ್ವೆಯ ಹೊರ್ಟೆನ್‌ಗೆ ಹೋಗಿ. ಅದೇ ಥಾರ್ನಿಕ್ರಾಫ್ಟ್ 1873ರಲ್ಲಿ ನಾರ್ವೆಗೆ ಕಟ್ಟಿಕೊಟ್ಟ ‘ರಾಪ್’ ಎಂಬ ಅಕ್ಕ ಅಲ್ಲಿನ ನೌಕಾ ವಸ್ತುಸಂಗ್ರಹಾಲಯದಲ್ಲಿ ಉಳಿದುಕೊಂಡಿದ್ದಾಳೆ.