ಮ್ಯಾಗ್ನೆಟಿಕ್ ಶ್ವೇತಕುಬ್ಜ ನಕ್ಷತ್ರ ಎಷ್ಟು ಸ್ಪೀಡಾಗಿ ತಿರುಗುತ್ತೆ ಅಂತ ಹೇಗೆ ಅಳೀತಾರೆ?

ಶ್ವೇತಕುಬ್ಜ ಅಂದ್ರೆ ಇಂಧನ ಮುಗಿದ ನಕ್ಷತ್ರದ ಉಳಿದ ತಿರುಳು. ಎಷ್ಟು ದೊಡ್ಡ ಟೆಲಿಸ್ಕೋಪ್ ಇಟ್ರೂ ಅದು ಬರೀ ಒಂದು ಚುಕ್ಕೆ, ಗಾತ್ರ ಹೆಚ್ಚುಕಮ್ಮಿ ಭೂಮಿಯಷ್ಟೇ, ಹಂಗಾಗಿ ತಿರುಗೋದನ್ನ ನೇರವಾಗಿ ನೋಡೋಕಾಗಲ್ಲ. ಮಾಮೂಲಿ ನಕ್ಷತ್ರ ಆದ್ರೆ ಸ್ಪೆಕ್ಟ್ರಮ್ ಗೆರೆ (ಬೆಳಕನ್ನ ಬಣ್ಣಗಳಾಗಿ ಬಿಡಿಸಿದಾಗ ಕಾಣೋ ಗೆರೆ) ಎಷ್ಟು ಅಗಲ ಆಗಿದೆ ನೋಡಿ ಸ್ಪೀಡ್ ಹೇಳಬಹುದು, ಇಲ್ಲಿ ವಿಪರೀತ ಒತ್ತಡಕ್ಕೇ ಗೆರೆಗಳು ಅಗಲ ಆಗಿಬಿಟ್ಟಿರ್ತವೆ, ಆ ಟ್ರಿಕ್ ಅಷ್ಟಾಗಿ ನಡೆಯಲ್ಲ.

ಇಲ್ಲಿ ಕೈ ಹಿಡಿಯೋದು ಮ್ಯಾಗ್ನೆಟಿಕ್ ಫೀಲ್ಡೇ. ಫೀಲ್ಡಿನ ಅಕ್ಷ ತಿರುಗೋ ಅಕ್ಷಕ್ಕೆ ಓರೆಯಾಗಿದ್ರೆ ಒಂದೊಂದು ಸುತ್ತಲ್ಲೂ ನಮ್ ಕಡೆ ಬೇರೆ ಬೇರೆ ಮುಖ ಬರುತ್ತೆ, ಆಗ ಹೊಳಪು ಸ್ವಲ್ಪ ಏರಿಳಿಯುತ್ತೆ, ಝೀಮನ್ ಎಫೆಕ್ಟಿಂದ, ಅಂದ್ರೆ ಮ್ಯಾಗ್ನೆಟಿಕ್ ಫೀಲ್ಡಿಗೆ ಸಿಕ್ಕಿ, ಸೀಳಿದ ಗೆರೆಗಳ ಅಂತರ ಬದಲಾಗುತ್ತೆ, ಬೆಳಕಿನ ಸರ್ಕ್ಯುಲರ್ ಪೋಲರೈಸೇಶನ್ನೂ (ಬೆಳಕಿನ ಅಲೆಯ ಕಂಪನ ಸುರುಳಿ ಥರ ತಿರುಗೋದು) ಬದಲಾಗುತ್ತೆ. ಇದೆಲ್ಲ ಎಷ್ಟು ಹೊತ್ತಿಗೊಮ್ಮೆ ರಿಪೀಟ್ ಆಗುತ್ತೋ ಅದೇ ಒಂದು ಸುತ್ತಿನ ಟೈಮು, ಅಷ್ಟೇ.

2021ರಲ್ಲಿ ವರದಿಯಾದ ಝಡ್‌ಟಿಎಫ್ ಜೆ1901+1458 ಅನ್ನೋ ಶ್ವೇತಕುಬ್ಜ ಸುಮಾರು 7 ನಿಮಿಷಕ್ಕೆ ಒಂದು ಸುತ್ತು ಹಾಕುತ್ತೆ! ಇಂಥದ್ದಕ್ಕೆ 10 ನಿಮಿಷದ ಎಕ್ಸ್‌ಪೋಶರ್ ಕೊಟ್ರೆ ಒಂದು ಸುತ್ತಿಗಿಂತ ಜಾಸ್ತಿ ಬೆಳಕು ಒಂದೇ ಫ್ರೇಮಲ್ಲಿ ಕಲಸಿಹೋಗುತ್ತೆ, ಏರಿಳಿತ ಹೆಚ್ಚುಕಮ್ಮಿ ಮಾಯ, ಅದಕ್ಕೇ ಸೆಕೆಂಡುಗಳ ಲೆಕ್ಕದ ಚಿಕ್ಕ ಚಿಕ್ಕ ಎಕ್ಸ್‌ಪೋಶರ್ ಬೇಕು. ಇನ್ನೊಂದು ತಲೆನೋವು, ರಾತ್ರಿ ಮಾತ್ರ ನೋಡೋದ್ರಿಂದ ಡೇಟಾದಲ್ಲಿ 24 ಗಂಟೆಗೊಮ್ಮೆ ಗ್ಯಾಪ್ ಬಿದ್ದು ಸುಳ್ಳು ಅವಧಿಗಳೂ ಕಾಣಿಸ್ಕೋತವೆ, ಟೆಸ್ ಥರದ ಸ್ಯಾಟಲೈಟ್ ವಾರಗಟ್ಟಲೆ ಒಂದೇ ಕಡೆ ನೋಡೋದ್ರಿಂದ ಈ ಕಾಟ ಕಮ್ಮಿ.

ಕೆಲವು ಮಾತ್ರ ದಶಕಗಟ್ಟಲೆ ನೋಡಿದ್ರೂ ಬದಲಾಗೋದೇ ಇಲ್ಲ ಅನ್ನೋ ಹಂಗಿವೆ, ಅವು ಭಯಂಕರ ನಿಧಾನವೋ ಇಲ್ಲಾ ಎರಡೂ ಅಕ್ಷ ಒಂದೇ ಸಾಲಲ್ಲಿವೆಯೋ ಅಂತ ಬರೀ ಇದ್ರಿಂದ ಬಿಡಿಸಿ ಹೇಳೋಕಾಗಲ್ಲ.